ಮೂರು ತಂತಿಗಳ ಸಂಗತಿ

ಬ್ಯಾಡಗಿಯ ಸುತ್ತಿನ ಮೆಣಸಿನಕಾಯಿ ಹೊಲಗಳಲ್ಲಿ ಬೆಳೆದ ನನ್ನ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ: ತ್ರೀ ಫೇಸ್ ಮೋಟಾರು ಉಲ್ಟಾ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು. ರಾಣೆಬೆನ್ನೂರಿನಲ್ಲಿ ರಿವೈಂಡಿಂಗ್ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ರಜೆಗೆ ಹಾವೇರಿಗೆ ಬಂದ ಮೊಮ್ಮಗನ ರಿಮೋಟ್ ಕಾರನ್ನು ಬಿಚ್ಚಿ ನೋಡಿ, "ಸರ, ಇದು ನಮ್ಮ ಪಂಪ್‌ಸೆಟ್ಟಿನ ಮರಿ ಐತ್ರಿ" ಎಂದು ನಕ್ಕ. ಬ್ರಷ್‌ಲೆಸ್ ಮೋಟಾರಿಗೂ ಮೂರೇ ತಂತಿ.

ಮೊಮ್ಮಗನ ಬಳಿ ಇರುವುದು ಎರಡು ಮೋಟಾರು; ವೇಗಕ್ಕೊಂದು, ಮಣ್ಣಿನ ದಿಬ್ಬಕ್ಕೊಂದು. ಬದಲಿಸುವಾಗಲೆಲ್ಲ ಬೆಸುಗೆ ಬಿಚ್ಚಲಾದೀತೇ? ಅದಕ್ಕೆಂದೇ ಬುಲೆಟ್ ಕನೆಕ್ಟರುಗಳಿವೆ. 3.5 ಮಿಲಿಮೀಟರಿನವು, 4 ಮಿಲಿಮೀಟರಿನವು ಸಿಗುತ್ತವೆ. ಬೆಲೆಗಿಂತ ಬಿಗಿತವನ್ನು ನೋಡಬೇಕು. ಸಡಿಲವಾದ ಕೂಡಿಕೆ ಬಿಸಿಯೇರುತ್ತದೆ. ಕಂಟ್ರೋಲರಿನ ಕಡೆಗೆ ಹೆಣ್ಣು, ಮೋಟಾರಿನ ಕಡೆಗೆ ಗಂಡು ಇರುವುದು ವಾಡಿಕೆ. ಮೋಟಾರು ಕಳಚಿದಾಗ ವಿದ್ಯುತ್ತು ಬರುವ ತುದಿ ಹೊರಚಾಚಿರಬಾರದಷ್ಟೆ. ಬ್ಯಾಟರಿಗೆ ಎಕ್ಸ್‌ಟಿ60 ಒಳ್ಳೆಯದು, ಅದರ ಆಕಾರದಿಂದಾಗಿ ತಿರುಗಾಮುರುಗಾ ಸೇರದು. ಲಿಥಿಯಂ ಬ್ಯಾಟರಿಯ ಎರಡು ತುದಿಗಳು ತಗುಲಿದರೆ ಬೆಂಕಿಯೇ ಹೊತ್ತಬಹುದು. ನಮ್ಮ ಪಡಸಾಲೆಯಲ್ಲೋ ಮೆಣಸಿನಕಾಯಿ ಚೀಲಗಳು!

ಸೆನ್ಸರ್ ಉಳ್ಳ ಮೋಟಾರಿನಲ್ಲಿ ಮಾತ್ರ ಪಂಪ್‌ಸೆಟ್ಟಿನ ವಿದ್ಯೆ ನಡೆಯದು. ಎ, ಬಿ, ಸಿ ತಂತಿಗಳು ತಮ್ಮ ತಮ್ಮ ಗುರುತಿಗೇ ಸೇರಬೇಕು. ದಿಕ್ಕನ್ನು ಕಂಟ್ರೋಲರಿನ ಸೆಟ್ಟಿಂಗಿನಲ್ಲಿ ಬದಲಿಸಬೇಕು. ಇದನ್ನು ಆ ಮಿಸ್ತ್ರಿಗೆ ತಿಳಿಸಿದವನು ಮೊಮ್ಮಗ. ಮೂವತ್ತು ವರ್ಷ ಮೋಟಾರು ಸುತ್ತಿದ ಕೈ ಅದು. ಆದರೂ ಹುಡುಗನ ಮಾತನ್ನು ಮುಖ ಸಿಂಡರಿಸದೆ ಪೂರ್ತಿ ಕೇಳಿ, ಮೂರು ತಂತಿಗಳಿಗೂ ಬೇರೆ ಬೇರೆ ಬಣ್ಣದ ಸ್ಲೀವ್ ತೊಡಿಸಿದ. ಕೂಲಿ ಕೊಡಹೋದರೆ ಒಲ್ಲೆನೆಂದು ಚಹ ಮಾತ್ರ ಕುಡಿದು ಹೋದ.