ಹಳೆ ಜೀಪಿಗೆ ಇನ್ನೊಂದು ಪಾಟಾ

ಹಳೆ ಜೀಪು ಇಟ್ಟುಕೊಂಡವರಿಗೆ ಪುಕ್ಕಟೆಯಾಗಿ ಸಿಗುವ ಸಲಹೆ ಒಂದೇ: ‘ಒಂದು ಪಾಟಾ ಜಾಸ್ತಿ ಹಾಕ್ಸಿ ಸಾರ್.’ ಪಾಟಾ ಎಂದರೆ ಲೀಫ್ ಸ್ಪ್ರಿಂಗು, ಅದರ ಒಂದೊಂದು ಪ್ಲೇಟಿಗೂ ಅದೇ ಹೆಸರು. ಹಿಂದುಗಡೆ ಕುಸಿದಿದೆಯೇ, ಪಾಟಾ ಹಾಕಿಸಿ. ಹಳ್ಳ ದಾಟುವಾಗ ತಳ ತಾಗುತ್ತದೆಯೇ, ಪಾಟಾ ಹಾಕಿಸಿ. ಗಾಡಿ ಗತ್ತಿನಿಂದ ನಿಲ್ಲಬೇಕೇ, ಎರಡು ಹಾಕಿಸಿ. ಮಲೆನಾಡಿನ ಗ್ಯಾರೇಜುಗಳಿಗೆ ಇದು ನೀರು ಕುಡಿದಷ್ಟು ಸುಲಭದ ಕೆಲಸ. ಗುಜರಿಯಿಂದ ಹೊಂದುವ ಪ್ಲೇಟು ಆರಿಸಿ ತಂದು, ಉದ್ದಕ್ಕೆ ತಕ್ಕಂತೆ ಕತ್ತರಿಸಿ, ಸೆಂಟರ್ ಬೋಲ್ಟಿಗೆ ತೂತು ಕೊರೆದು, ಯು-ಬೋಲ್ಟ್ ಬಿಗಿದರೆ ಆಯಿತು. ಇದ್ದ ಸಾಮಾನಿನಲ್ಲೇ ಕೆಲಸ ತೂಗಿಸುವ ಈ ಜಾಣತನದ ಬಗ್ಗೆ ನನಗೆ ಗೌರವವಿದೆ. ಆದರೂ ಕಾಡುದಾರಿಗೆಂದು ಸಾಕಿದ ಜೀಪಿಗೆ ಪಾಟಾ ಸೇರಿಸುವುದು ಬಹುಪಾಲು ಕಾಯಿಲೆಯೇ ಒಂದು, ಕೊಟ್ಟ ಮದ್ದೇ ಇನ್ನೊಂದು ಎಂಬಂಥ ಕೆಲಸ ಎಂದೇ ನನ್ನ ವಾದ. ಬಾಗುವುದಕ್ಕೆಂದೇ ಹುಟ್ಟಿದ ವಸ್ತುವನ್ನು ನಾವು ಬಾಗದಂತೆ ಮಾಡಿ, ಗಟ್ಟಿಯಾಯಿತು ಎಂದು ಖುಷಿಪಡುತ್ತೇವೆ.

ಪಾಟಾ ಜೀಪಿಗಿಂತ ಬಹಳ ಹಿರಿಯದು. ಲಂಡನ್ನಿನ ಒಬಾಡಯ್ಯ ಎಲಿಯಟ್ 1804ರಲ್ಲಿ ಕುದುರೆ ಸಾರೋಟಿನ ಕಮಾನು ಸ್ಪ್ರಿಂಗಿಗೆ ಪೇಟೆಂಟ್ ಪಡೆದ. 1941ರಲ್ಲಿ ವಿಲ್ಲೀಸ್ ಕಂಪನಿ ಅಮೆರಿಕದ ಸೇನೆಗೆ ಜೀಪು ಕಟ್ಟಿದಾಗಲೂ ನಾಲ್ಕು ಮೂಲೆಗೆ ಕೂರಿಸಿದ್ದು ಅದರ ವಂಶದ್ದನ್ನೇ: ಮುಂದೆ 8 ಪ್ಲೇಟು, ಹಿಂದೆ 9, ಅಗಲ ಒಂದೂಮುಕ್ಕಾಲು ಇಂಚು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರಾ ಅದೇ ಜೀಪನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಮುಂದೆ ಸಿಜೆ-3ಬಿ, ಎಂಎಂ-540, ಮೇಜರ್ ಎಂದು ಹೆಸರು ಬದಲಾದರೂ ಪಾಟಾ ಮಾತ್ರ ಬದಲಾಗಲಿಲ್ಲ. ಪ್ಲೇಟು ಸೇರಿಸುವ ಚಾಳಿ ನಮ್ಮ ಗ್ಯಾರೇಜಿನದೇ ಎಂದುಕೊಳ್ಳಬೇಕಿಲ್ಲ. ಯುದ್ಧಕಾಲದಲ್ಲಿ ಕಾರ್ಖಾನೆಯವರೇ ಮುಂದಿನ ಎಡ ಪಾಟಾಕ್ಕೆ ಇನ್ನೊಂದು ಚಿಕ್ಕ ಸ್ಪ್ರಿಂಗ್ ಜೋಡಿಸಿದ್ದುಂಟು. ಜೋರಾಗಿ ಬ್ರೇಕ್ ತುಳಿದರೆ ಆಕ್ಸಲ್ ತಿರುಚಿಕೊಂಡು ಗಾಡಿ ಪಕ್ಕಕ್ಕೆ ಎಳೆಯುತ್ತಿತ್ತು; ಆ ಒಂದು ದೋಷಕ್ಕೆ ಆ ಒಂದು ಮೂಲೆಯಲ್ಲಿ ಮಾತ್ರ ಆ ಉಪಾಯ. ಮೊದಲು ರೋಗ ಹಿಡಿದರು, ಆಮೇಲೆ ಪ್ಲೇಟು ಹುಡುಕಿದರು.

ನಮ್ಮಲ್ಲಿ ಪ್ಲೇಟು ಮೊದಲು ಸಿಗುತ್ತದೆ. ಅದರ ದಪ್ಪವನ್ನು ಯಾರೂ ಅಳೆಯುವುದಿಲ್ಲ, ಎಡವಟ್ಟಾಗುವುದೂ ಅಲ್ಲೇ. ಪಾಟಾದ ಬಿಗಿ ಪ್ಲೇಟುಗಳ ಸಂಖ್ಯೆಯ ಜೊತೆ ನೇರವಾಗಿ ಏರುತ್ತದೆ. ದಪ್ಪದ ಜೊತೆಗಾದರೆ ಘನದ ಲೆಕ್ಕದಲ್ಲಿ ಏರುತ್ತದೆ. 6 ಮಿಲಿಮೀಟರ್ ಪ್ಲೇಟಿನ ಬಿಗಿಯನ್ನು 216 ಎಂದು ಹಿಡಿದರೆ, ಅಷ್ಟೇ ಉದ್ದಗಲದ 8 ಮಿಲಿಮೀಟರಿನದು 512. ಅಂದರೆ ಎರಡೇ ಮಿಲಿಮೀಟರ್ ದಪ್ಪನೆಯದನ್ನು ‘ಒಂದೇ ಒಂದು’ ಎಂದು ಸೇರಿಸಿದವರು ನಿಜದಲ್ಲಿ ಎರಡಕ್ಕಿಂತ ಹೆಚ್ಚು ಸೇರಿಸಿರುತ್ತಾರೆ. ಸಾಲದ್ದಕ್ಕೆ, ಒಂದೇ ಪ್ರಮಾಣದಲ್ಲಿ ಬಾಗಿದಾಗ ದಪ್ಪ ಪ್ಲೇಟಿನ ಮೈಮೇಲೆ ಬೀಳುವ ಒತ್ತಡವೂ ಮೂರನೇ ಒಂದು ಪಾಲು ಜಾಸ್ತಿ. ಗಟ್ಟಿ ಇರಲಿ ಎಂದು ಹಾಕಿಸಿದ್ದೇ ಮೊದಲು ಮುರಿದರೆ ಅದರಲ್ಲಿ ಸೋಜಿಗವೇನಿಲ್ಲ. ಬಿಚ್ಚಿ ಹಾಕಿದ ಇಂಥ ಪಾಟಾ ಸಿಕ್ಕರೆ ತುದಿಯನ್ನೊಮ್ಮೆ ನೋಡಿ. ಕಾರ್ಖಾನೆಯ ಪ್ಲೇಟಿನ ತುದಿ ತೆಳ್ಳಗೆ ಇಳಿಜಾರಾಗಿರುತ್ತದೆ. ಗ್ಯಾಸಿನಲ್ಲಿ ಕತ್ತರಿಸಿದ್ದರ ತುದಿ ಚೌಕಾಕಾರ, ಅಂಚಿನಲ್ಲಿ ನೀಲಿಗಟ್ಟಿದ ಬಣ್ಣ, ಕರಗಿ ಹೆಪ್ಪುಗಟ್ಟಿದ ಮಣಿಗಳು. ಮೇಲಿನ ಪ್ಲೇಟಿನ ಹೊಟ್ಟೆಯಲ್ಲಿ ಆ ಅಂಚು ಅಡ್ಡಕ್ಕೆ ಕೊರೆದ ಹೊಳೆಯುವ ಗೆರೆ ಉಗುರಿಗೆ ಸಿಗುತ್ತದೆ. ಬಿರುಕು ಶುರುವಾಗುವುದಕ್ಕೆ ಅಷ್ಟು ಗೆರೆ ಧಾರಾಳ ಸಾಕು.

ಎತ್ತರದ ಮಾತೇನು ಎಂದು ಕೇಳುವವರಿದ್ದಾರೆ. ಕೊಡಚಾದ್ರಿಯ ದಾರಿಯಂಥ ಕಡೆ ಗಾಡಿ ಎತ್ತರವಿರಬೇಡವೇ? ಇರಬೇಕು. ಆದರೆ ಜೀಪಿನಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಚಾಸಿಯಲ್ಲ, ಆಕ್ಸಲಿನ ನಡುವೆ ಉಬ್ಬಿದ ಡಿಫರೆನ್ಷಿಯಲ್ ಗುಂಡು. ಕಮಾನು ಎಷ್ಟೇ ಏರಿಸಿ, ಉದ್ದ ಶ್ಯಾಕಲ್ ಹಾಕಿ, ಪಾಟಾವನ್ನು ಆಕ್ಸಲಿನ ಕೆಳಗಿಂದ ಮೇಲಕ್ಕೆ ಸಾಗಿಸಿ, ಆ ಗುಂಡು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ಮೇಲೇರುವುದು ಚಾಸಿ, ಬಾಡಿ, ಜೊತೆಗೆ ಗಾಡಿ ಮಗುಚುವ ಭಯ. ಮುಂದಿನ ಶ್ಯಾಕಲ್ ಉದ್ದವಾದಷ್ಟೂ ಆಕ್ಸಲಿನ ಓರೆ ಕಡಿಮೆಯಾಗಿ, ಟಾರು ರಸ್ತೆಯಲ್ಲಿ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದನ್ನು ಮರೆಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗಿ ಕ್ರಾಸುಗಳು ಸವೆಯುತ್ತವೆ. ಇಷ್ಟಾದರೂ ಹಿಡಿತ ಹೆಚ್ಚಿತೇ ಎಂದರೆ, ಅದೂ ಇಲ್ಲ. ಒಂದು ಚಕ್ರ ಬಂಡೆ ಹತ್ತಿ ಅದೇ ಆಕ್ಸಲಿನ ಇನ್ನೊಂದು ಕೊರಕಲಿಗೆ ಇಳಿಯುವಾಗ ಪಾಟಾ ಬಾಗಿಕೊಟ್ಟರೆ ನಾಲ್ಕೂ ಚಕ್ರ ನೆಲ ಕಚ್ಚುತ್ತವೆ. ಬಾಗದಿದ್ದರೆ ಒಂದು ಗಾಳಿಯಲ್ಲಿ ನಿಲ್ಲುತ್ತದೆ. ಲಾಕ್ ಇಲ್ಲದ ಹಳೆಯ ಡಿಫರೆನ್ಷಿಯಲ್ ಗಾಳಿಯಲ್ಲಿರುವ ಚಕ್ರವನ್ನೇ ಗಿರಗಿರನೆ ತಿರುಗಿಸುತ್ತದೆ, ನೆಲದ ಮೇಲಿನ ಜೊತೆಗಾರ ಸುಮ್ಮನೆ ನಿಂತಿರುತ್ತದೆ. ಫೋರ್ ವ್ಹೀಲಿಗೆ ಕೊಟ್ಟ ಕಾಸು ಅಲ್ಲಿಗೆ ನೀರುಪಾಲು.

ಹೊರೆಯ ವಾದಕ್ಕೆ ಮಾತ್ರ ನಾನು ಅರ್ಧ ಸೋಲುತ್ತೇನೆ. ಕಾಫಿ ಮೂಟೆ, ಗೊಬ್ಬರ, ಕೆಲಸದಾಳುಗಳನ್ನು ಒಟ್ಟಿಗೆ ಹೇರಿಕೊಂಡು ಎಸ್ಟೇಟಿನ ಏರು ಹತ್ತುವ ಜೀಪಿಗೆ ಮೂಲ ಪಾಟಾ ಸಾಲದು, ಅದು ಕಣ್ಣೆದುರಿನ ಸತ್ಯ. ಅಲ್ಲೂ ಲಾರಿಗಳಲ್ಲಿರುವ ಹೆಲ್ಪರ್ ಪದ್ಧತಿ ಮೇಲು: ಹೊರೆ ಬಿದ್ದು ಮುಖ್ಯ ಪಾಟಾ ಇಷ್ಟು ಕುಗ್ಗಿದ ಮೇಲಷ್ಟೇ ಹೆಗಲು ಕೊಡುವ, ನಡುವೆ ಸಂದು ಬಿಟ್ಟ ಚಿಕ್ಕ ಪ್ಲೇಟು. ಖಾಲಿ ಇರುವಾಗ ಅದು ಇಲ್ಲದಂತೆಯೇ ಇರುತ್ತದೆ. ವಾರಕ್ಕೊಂದು ದಿನದ ಮೂಟೆಗಾಗಿ ಉಳಿದ ಆರು ದಿನ ಸೊಂಟ ಮುರಿಸಿಕೊಳ್ಳಬೇಕಾದ್ದಿಲ್ಲ.

ಇಷ್ಟಕ್ಕೂ ‘ಪಾಟಾ ಹೋಗಿದೆ’ ಎಂಬ ತೀರ್ಪು ಎಷ್ಟೋ ಸಲ ಅವಸರದ್ದು. ನಮ್ಮ ಮಳೆಗಾಲದ ಕೆಮ್ಮಣ್ಣು ಪ್ಲೇಟುಗಳ ನಡುವೆ ಹೊಕ್ಕು ತುಕ್ಕು ಹಿಡಿಸಿದರೆ, ಒದ್ದೆಯಾಗಿ ಒಣಗಿದ ಹಳೆ ಪಂಚಾಂಗದ ಹಾಳೆಗಳಂತೆ ಅವು ಅಂಟಿಕೊಳ್ಳುತ್ತವೆ. ಸಮ ಉದ್ದದ ಒಂಬತ್ತು ಪ್ಲೇಟುಗಳು ಸಲೀಸಾಗಿ ಜಾರಿದರೆ ಬಿಗಿ ಒಂದರ ಒಂಬತ್ತು ಪಟ್ಟು. ಪೂರ್ತಿ ಬೆಸೆದು ಒಂದೇ ತೊಲೆಯಾದರೆ ಲೆಕ್ಕ 729 ಪಟ್ಟಿಗೆ ಹೋಗುತ್ತದೆ. ತುಕ್ಕು ಅಷ್ಟು ದೂರ ಹೋಗುವುದಿಲ್ಲ ಎನ್ನಿ. ಆದರೆ ಸಣ್ಣಪುಟ್ಟ ಗುಂಡಿಗೆ ಪಾಟಾ ಕದಲದೆ ಏಟೆಲ್ಲ ಬೆನ್ನಿಗೇ ಬರಲು ಅದರ ಅಲ್ಪಭಾಗ ಸಾಕು. ಇದಕ್ಕೆ ಮದ್ದು ಬಿಚ್ಚಿ, ಉಜ್ಜಿ, ಗ್ರಾಫೈಟ್ ಗ್ರೀಸ್ ಸವರಿ ಕಟ್ಟುವುದು. ಸುಟ್ಟ ಎಂಜಿನ್ ಆಯಿಲ್ ಸುರಿಯುವುದು ಅಗ್ಗ ನಿಜ, ಆದರೆ ಅದು ಧೂಳು ಹಿಡಿದು ರಬ್ಬರ್ ಬುಷ್‌ಗಳನ್ನು ತಿನ್ನುತ್ತದೆ. ಕಮಾನು ನಿಜವಾಗಿ ಇಳಿದಿದ್ದರೆ ತಣ್ಣಗಿರುವಾಗಲೇ ಹೊಡೆದು ಬಾಗಿಸುವ ಕುಶಲಿಗಳ ಬಳಿ ಹೋಗಬೇಕು. ಗ್ಯಾಸಿನ ಉರಿ ತೋರಿಸಿ ಬಾಗಿಸಿದರೆ ಉಕ್ಕಿನ ಹದ ಕೆಟ್ಟು, ಬೇಗ ಮತ್ತೆ ಚಪ್ಪಟೆ.

ಇಷ್ಟೆಲ್ಲ ಪಾಡೇಕೆ, ಕಾಯಿಲ್ ಸ್ಪ್ರಿಂಗ್ ಹಾಕಿಸಬಾರದೇ ಎಂಬ ಪ್ರಶ್ನೆ ಉಳಿಯಿತು. ರೇಂಜ್ ರೋವರ್ 1970ರಲ್ಲೇ ಕಾಯಿಲ್ ಹಿಡಿಯಿತು, 2020ರ ಥಾರ್ ಪಾಟಾವನ್ನು ಪೂರ್ತಿ ಬಿಟ್ಟಿತು. ಕಾಯಿಲ್ ಮೇಲು ಎಂಬುದರಲ್ಲಿ ತಕರಾರಿಲ್ಲ. ಆದರೆ ಪಾಟಾ ಭಾರ ಹೊರುವುದರ ಜೊತೆಗೆ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುತ್ತದೆ ಕೂಡ. ಅದನ್ನು ತೆಗೆದರೆ ಆ ಕೆಲಸಕ್ಕೆ ಬೇರೆ ತೋಳುಗಳು, ಅವಕ್ಕೆ ಬ್ರಾಕೆಟ್ಟುಗಳು, ಹಳೆಯ ಚಾಸಿಯ ಮೇಲೆ ವೆಲ್ಡಿಂಗ್. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದನ್ನು ಒಪ್ಪುವುದಿಲ್ಲ, ಎಫ್‌ಸಿಗೆ ಹೋದಾಗ ಅದು ನೆನಪಾಗುತ್ತದೆ. ಆ ದುಡ್ಡಿನಲ್ಲಿ ಸಣ್ಣದೊಂದು ಪಾಲು ಖರ್ಚು ಮಾಡಿ ಬುಷ್, ಶಾಕ್ ಅಬ್ಸಾರ್ಬರ್ ಬದಲಿಸಿ. ಯು-ಬೋಲ್ಟ್ ಹೊಸತನ್ನೇ ಹಾಕಿಸಿ, ಒಮ್ಮೆ ಬಿಗಿದು ಎಳೆದುಕೊಂಡಿದ್ದು ಮತ್ತೆ ಸರಿಯಾಗಿ ಹಿಡಿಯುವುದಿಲ್ಲ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿಸಿ ನೋಡಿ. ಸೆಂಟರ್ ಬೋಲ್ಟ್ ತುಂಡಾದ ಜೀಪುಗಳ ಕಥೆ ಹೆಚ್ಚಾಗಿ ಶುರುವಾಗುವುದೇ ಸಡಿಲಗೊಂಡ ಯು-ಬೋಲ್ಟಿನಿಂದ.