ಗೊರಟು ಗಟ್ಟಿಯಾಗುವ ಮೊದಲು

ಅಪ್ಪೆಮಿಡಿ ಉಪ್ಪಿನಕಾಯಿ ಕಚ್ಚಿದಾಗ ಮೊದಲು ಸಿಗೋದು ಉಪ್ಪು-ಖಾರ, ಆಮೇಲೆ ಸೊನೆಯ ಪರಿಮಳ, ಕೊನೆಗೆ ಹಲ್ಲಿಗೆ ಮೆತ್ತಗೆ ತಾಗುವ ನಡುವಿನ ಭಾಗ. ಅದನ್ನು ಯಾರೂ ಉಗುಳುವುದಿಲ್ಲ. ಅದರ ಸಮೇತ ತಿನ್ನೋದೇ ಮಿಡಿಯ ಮಜಾ. ಆ ಮೆತ್ತಗಿನ ಭಾಗ ಏನು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಅದು ಆಗಷ್ಟೇ ಶುರುವಾದ ಒಂದು ಬೀಜ. ಮರದಲ್ಲೇ ಬಿಟ್ಟಿದ್ದರೆ ಅದರ ಸುತ್ತ ಗೊರಟು ಕಟ್ಟಿ, ಬೇಸಿಗೆ ಮುಗಿಯುವಷ್ಟರಲ್ಲಿ ಮೊಳೆಯಲು ತಯಾರಾಗಿ ಕೂತಿರುತ್ತಿತ್ತು.

ಮಲೆನಾಡಿನಲ್ಲಿ ಮಿಡಿ ಕೊಯ್ಯುವವರಿಗೆ ಇದು ದಿನಗಳ ಲೆಕ್ಕ. ಬೇಗ ಕೊಯ್ದರೆ ಮಿಡಿ ತೀರಾ ಎಳಸು. ತಡವಾದರೆ ಗೊರಟು ಬಲಿತು ಉಪ್ಪಿನಕಾಯಿಗೆ ಬರಲ್ಲ. ಅಂದ್ರೆ ನಮ್ಮ ಜಾಡಿ ತುಂಬಬೇಕಾದರೆ ಬೀಜ ಶುರುವಾಗಿರಬೇಕು, ಆದರೆ ಮುಂದುವರಿದಿರಬಾರದು.

ನಾನು ಸಾಗರದ ಕಡೆಯವನು. ಎಂಜಿನಿಯರಿಂಗ್ ಮುಗಿಸಿ ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬೀಜದ ಬಗ್ಗೆ ಇಷ್ಟೆಲ್ಲ ಓದುವಂತೆ ಮಾಡಿದ್ದು ನಮ್ಮ ಮನೆ ಕೆಳಗಿನ ಹಳ್ಳದ ದಂಡೆಯಲ್ಲಿರುವ ಒಂದು ಅಪ್ಪೆ ಮರ. ಅದನ್ನು ಯಾರೂ ನೆಟ್ಟಿದ್ದಲ್ಲ. ಅಜ್ಜ ಹುಡುಗನಾಗಿದ್ದಾಗಲೇ ಅದು ದೊಡ್ಡ ಮರವಾಗಿತ್ತಂತೆ. ತೊಟ್ಟು ಮುರಿದರೆ ಚಿಮ್ಮುವ ಸೊನೆಗೆ ಜೀರಿಗೆಯ ವಾಸನೆ. ಮೂರು ತಲೆಮಾರು ಆ ಒಂದೇ ಮರದ ಮಿಡಿಯಲ್ಲಿ ಊಟ ಮುಗಿಸಿದೆ. ಎರಡು ಮಳೆಗಾಲದ ಹಿಂದೆ ದಂಡೆ ಕುಸಿದು ಅದರ ಅರ್ಧ ಬೇರು ಹೊರಗೆ ಬಂತು. ಈಗ ಹಳ್ಳದ ಕಡೆ ವಾಲಿ ನಿಂತಿದೆ. ಇನ್ನೆಷ್ಟು ಮಳೆಗಾಲ ತಡೆಯುತ್ತೋ ಹೇಳೋಕಾಗಲ್ಲ.

ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಇದೇ ಚರ್ಚೆ. ದೊಡ್ಡಪ್ಪ, "ನಾಲ್ಕು ಹಣ್ಣು ಮರದಲ್ಲೇ ಬಿಡಿ, ಗೊರಟು ನೆಡಿ, ಅದೇ ಮರ ಬರುತ್ತೆ" ಅಂದರು. ಅಪ್ಪ, "ಗೊರಟಿನ ಗಿಡ ನಂಬೋಕಾಗಲ್ಲ, ಕಸಿನೇ ಆಗಬೇಕು" ಅಂದರು. ಇಬ್ಬರೂ ಜೀವಮಾನವಿಡೀ ತೋಟದಲ್ಲಿ ದುಡಿದವರು. ಯಾರು ಸರಿ ಅಂತ ತಿಳಿಯೋಕೆ ನಾನು ಹೂವಿನಿಂದಲೇ ಶುರು ಮಾಡಬೇಕಾಯ್ತು.

ಮಾವಿನ ಒಂದು ಹೂಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿರುತ್ತವೆ. ಅದರಲ್ಲಿ ಬರೀ ಗಂಡು ಹೂಗಳೂ ಇವೆ, ಗಂಡು-ಹೆಣ್ಣು ಎರಡೂ ಇರುವ ಹೂಗಳೂ ಇವೆ. ಕಾಯಾಗೋದು ಈ ಎರಡನೆಯ ಬಗೆ ಮಾತ್ರ. ಅಂಥ ಹೂವಿನ ಅಂಡಾಶಯದೊಳಗೆ ಒಂದೇ ಒಂದು ಅಂಡಕ. ನೊಣವೋ ಜೇನೋ ಇನ್ನೊಂದು ಹೂವಿನ ಪರಾಗ ತಂದು ಹಾಕಿದರೆ, ಆ ಪರಾಗದ ಕಣ ಸಣ್ಣ ಕೊಳವೆಯೊಂದನ್ನು ಬೆಳೆಸಿಕೊಂಡು ಒಳಗಿಳಿಯುತ್ತೆ. ಕೊಳವೆಯಲ್ಲಿ ಸಾಗಿ ಬರೋದು ಒಂದಲ್ಲ, ಎರಡು ಗಂಡು ಜೀವಕೋಶಗಳು.

ಒಂದು ಹೋಗಿ ಅಂಡದ ಜೊತೆ ಸೇರುತ್ತೆ. ಅದು ಮುಂದೆ ಭ್ರೂಣ, ಅಂದ್ರೆ ಮುಂದಿನ ಮರ. ಇನ್ನೊಂದು ಪಕ್ಕದ ದೊಡ್ಡ ಕೋಶದ ಜೊತೆ ಸೇರಿ ಎಂಡೋಸ್ಪರ್ಮ್ ಆಗುತ್ತೆ. ಅದು ಭ್ರೂಣದ ಊಟ. ಹೂಬಿಡುವ ಗಿಡಗಳಲ್ಲಿ ನಡೆಯುವ ಈ ಜೋಡಿ ಮಿಲನವನ್ನು 1898ರಲ್ಲಿ ಮೊದಲು ಗುರುತಿಸಿದ್ದು ರಷ್ಯಾದ ಸೆರ್ಗೆಯ್ ನವಾಶಿನ್, ಲಿಲ್ಲಿ ಜಾತಿಯ ಹೂಗಳಲ್ಲಿ. ಮಿಲನ ಆದ ತಕ್ಷಣ ಭ್ರೂಣ ಓಡೋಕೆ ಶುರು ಮಾಡಲ್ಲ. ಸಾಮಾನ್ಯವಾಗಿ ಅದು ಸ್ವಲ್ಪ ಕಾಲ ಸುಮ್ಮನಿರುತ್ತೆ, ಊಟದ ಭಾಗ ಮೊದಲು ಬೆಳೆಯುತ್ತೆ. ಮಗು ಹುಟ್ಟುವ ಮೊದಲೇ ಅಡುಗೆಮನೆ ಸಿದ್ಧ ಆಗೋ ಹಾಗೆ.

ಈ ಊಟವನ್ನು ನೀವು ಈಗಾಗಲೇ ಕುಡಿದಿದ್ದೀರಿ. ಎಳನೀರು ಅಂದ್ರೆ ಅದೇ! ಎಳೆಯ ತೆಂಗಿನಕಾಯಿಯ ನೀರಿನಲ್ಲಿ ಕೋಶದ ಗೋಡೆಯೇ ಇಲ್ಲದ ಕೇಂದ್ರಕಗಳು ತೇಲುತ್ತಿರುತ್ತವೆ. ಕಾಯಿ ಬಲಿತಂತೆ ಗೋಡೆಗಳು ಮೂಡಿ ಗಂಜಿಯಾಗಿ, ಕೊಬ್ಬರಿಯಾಗಿ ಅಂಚಿಗೆ ಕಟ್ಟುತ್ತೆ. ತೆಂಗು ಆ ಊಟವನ್ನು ಕಾಯಿಯಲ್ಲಿ ಉಳಿಸಿಕೊಳ್ಳುತ್ತೆ. ಮಾವಿನಲ್ಲಿ ಭ್ರೂಣ ಅದನ್ನೆಲ್ಲ ತಿಂದು ಮುಗಿಸಿ ಎರಡು ದಪ್ಪ ಬೀಜದಳಗಳಲ್ಲಿ ತುಂಬಿಕೊಳ್ಳುತ್ತೆ. ಗೊರಟು ಒಡೆದಾಗ ಸಿಗುವ ಒಗರು ತಿರುಳು ಅದೇ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟವಾಯ್ತು. ಶುರುವಾದ ಬೀಜ ತನ್ನ ಸುತ್ತಲಿನ ಅಂಡಾಶಯಕ್ಕೆ ಹಾರ್ಮೋನುಗಳ ಮೂಲಕ ಸುದ್ದಿ ಕಳಿಸುತ್ತೆ: "ನಾನಿದ್ದೀನಿ, ಬೆಳೆ, ಉದುರಬೇಡ." ಸುದ್ದಿ ಬಾರದ ಹೂ ಉದುರುತ್ತೆ. ಸುದ್ದಿ ಬಂದರೂ ಮರಕ್ಕೆ ಎಲ್ಲರನ್ನೂ ಸಾಕೋ ಶಕ್ತಿ ಇಲ್ಲದೆ ಇನ್ನಷ್ಟು ಮಿಡಿ ಬೀಳುತ್ತೆ. ಇಡೀ ಗೊಂಚಲಿನಲ್ಲಿ ಹಣ್ಣಾಗುವವರೆಗೆ ನಿಲ್ಲೋದು ಒಂದೋ ಎರಡೋ. ಹೀಗೆ ಬೀಜ ಚಿಗುರುವ ಹಂತಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾ ಕೂರೋದೇ ಒಂದು ಶಾಸ್ತ್ರ. 'ಹಸುರು ಹೊನ್ನು' ಬರೆದ ಬಿ.ಜಿ.ಎಲ್. ಸ್ವಾಮಿ ಅವರು ಸಂಶೋಧನೆ ನಡೆಸಿದ್ದೂ ಈ ಸಸ್ಯಭ್ರೂಣಶಾಸ್ತ್ರದಲ್ಲೇ.

ಈಗ ದೊಡ್ಡಪ್ಪನ ಮಾತಿಗೆ ಬರೋಣ. ಅಂಡ ನಮ್ಮ ಮರದ್ದು ಸರಿ. ಆದರೆ ಪರಾಗ ಯಾರದ್ದು? ಹಳ್ಳದಾಚೆಯ ಕಾಟುಮಾವಿನದ್ದೋ, ಪಕ್ಕದ ಮನೆಯ ರಸಪುರಿಯದ್ದೋ, ನೊಣಕ್ಕೇ ಗೊತ್ತು. ಹಾಗಾಗಿ ಪ್ರತಿ ಗೊರಟೂ ಹೊಸ ಮಿಶ್ರಣ. ಒಂದೇ ಗೊಂಚಲಿನ ಎರಡು ಹಣ್ಣು ಕೂಡ ಅಣ್ಣ-ತಮ್ಮ ಇದ್ದ ಹಾಗೆ, ಜೆರಾಕ್ಸ್ ಅಲ್ಲ. ಅಘನಾಶಿನಿ, ಶರಾವತಿ, ವರದಾ ತೀರಗಳಲ್ಲಿ ಒಂದು ಮರದ ಮಿಡಿಗೆ ಜೀರಿಗೆ ವಾಸನೆ, ಇನ್ನೊಂದಕ್ಕೆ ಕರ್ಪೂರದ ವಾಸನೆ, ಮತ್ತೊಂದು ಬರೀ ಹುಳಿ ಇರೋದಕ್ಕೆ ಕಾರಣ ಇದೇ. ಅಪ್ಪನ ಅಪನಂಬಿಕೆಗೆ ಆಧಾರ ಇದೆ.

ಹಾಗಂತ ಎಲ್ಲ ಮಾವೂ ಹೀಗೇ ಅಲ್ಲ. ಕರಾವಳಿಯ ಬಪ್ಪಕಾಯಿ, ಒಳೂರು ಥರದ ತಳಿಗಳ ಒಂದು ಗೊರಟು ನೆಟ್ಟರೆ ಎರಡು-ಮೂರು ಸಸಿ ಒಟ್ಟಿಗೆ ಏಳುತ್ತವೆ. ಅಲ್ಲಿ ಮಿಲನದಿಂದ ಆಗುವ ಭ್ರೂಣದ ಜೊತೆಗೆ, ಅಂಡಕದೊಳಗಿನ ತಾಯಿಯ ಅಂಗಾಂಶವೇ ನೇರವಾಗಿ ಭ್ರೂಣಗಳನ್ನು ಮೊಳೆಸುತ್ತೆ. ಅವಕ್ಕೆ ತಂದೆ ಇಲ್ಲ, ಅಪ್ಪಟ ತಾಯಿಯ ನಕಲು. ಕಿತ್ತಳೆಯಲ್ಲೂ ಹೀಗಾಗುತ್ತೆ. ಒಂದೇ ಕಿತ್ತಳೆ ಬೀಜದಲ್ಲಿ ಎರಡು ಭ್ರೂಣ ಇರೋದನ್ನು 1719ರಲ್ಲೇ ಲೇವನ್‌ಹುಕ್ ಗಮನಿಸಿದ್ದ. ಅದೇ ಕುಟುಂಬದ ಚಕ್ಕೋತ ಮತ್ತು ಮಾದಲದ ಬೀಜದಲ್ಲಿ ಸಾಮಾನ್ಯವಾಗಿ ಒಂದೇ ಭ್ರೂಣ. ನಮ್ಮ ಹಳ್ಳದ ಮರದ ಗೊರಟುಗಳಿಂದ ಇದುವರೆಗೆ ಎದ್ದಿರೋದು ಒಂದೊಂದೇ ಸಸಿ.

ಬಾಳೆಯದ್ದು ಇನ್ನೊಂದು ತುದಿ. ಕಾಡುಬಾಳೆ ಸುಲಿದರೆ ಒಳಗೆ ಕಪ್ಪು ಕಲ್ಲಿನಂಥ ಬೀಜಗಳು, ಅವುಗಳ ಸುತ್ತ ಒಂದಿಷ್ಟು ತಿರುಳು. ಪರಾಗ ಬೀಳದಿದ್ದರೆ ಆ ತಿರುಳೂ ಇಲ್ಲ. ನಾವು ತಿನ್ನೋ ಬಾಳೆಯಲ್ಲಿ ಬೀಜದ ಸುದ್ದಿಗೆ ಕಾಯದೆ ಅಂಡಾಶಯ ತಾನಾಗೇ ಉಬ್ಬುತ್ತೆ. ಹಣ್ಣಿನ ನಡುವಿನ ಸಣ್ಣ ಕಪ್ಪು ಚುಕ್ಕೆಗಳು ಶುರುವಾಗದೇ ಉಳಿದ ಬೀಜಗಳು. ತಿನ್ನೋಕೆ ಸುಲಭ, ನಿಜ. ಆದರೆ ಕಂದಿನಿಂದ ಕಂದಿಗೆ ಸಾಗುವ ಈ ಗಿಡಗಳೆಲ್ಲ ಒಂದೇ ಗಿಡದ ನಕಲುಗಳು. ಒಂದಕ್ಕೆ ತಗುಲಿದ ರೋಗವನ್ನು ಉಳಿದವೂ ತಡೆದುಕೊಳ್ಳಲಾರವು. ನಂಜನಗೂಡು ರಸಬಾಳೆ ಪನಾಮಾ ಸೊರಗುರೋಗಕ್ಕೆ ಸಿಕ್ಕಿ ಎಷ್ಟೋ ತೋಟಗಳಿಂದ ಮರೆಯಾಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಂದೇ ಬಗ್ ಎಲ್ಲ ಸರ್ವರ್‌ಗಳಲ್ಲೂ ಇದೆ. ಘಟ್ಟದ ಬಂಡೆಗಳಲ್ಲಿ ಬೆಳೆಯುವ ಬಾಳೆಯ ದಾಯಾದಿ ಕಲ್ಲುಬಾಳೆ ನೋಡಿ. ಅದು ಕಂದು ಹಾಕಲ್ಲ. ಒಮ್ಮೆ ಗೊನೆ ಬಿಟ್ಟು ಸಾಯುತ್ತೆ. ಬೀಜ ಮೊಳೆತರೆ ಮಾತ್ರ ಅದರ ಮುಂದಿನ ತಲೆಮಾರು.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ತೋಟದ ಹಣ್ಣಿನ ಗಿಡಗಳಲ್ಲಿ ನಾವು ಮಾಡಿರೋದೆಲ್ಲ ಇಷ್ಟವಾದದ್ದನ್ನು ಹಾಗೇ ಹಿಡಿದಿಟ್ಟುಕೊಳ್ಳುವ ಕೆಲಸ. ಕಸಿ, ಕಂದು ಎಲ್ಲವೂ ಅದಕ್ಕೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಹಿಡಿದಿಟ್ಟುಕೊಳ್ಳುವ ಮೊದಲು ಆ ರುಚಿ ಎಲ್ಲೋ ಒಂದು ಕಡೆ ಹುಟ್ಟಿರಬೇಕಲ್ಲ? ಲಕ್ನೋ ಹತ್ತಿರದ ದಶಹರಿ ಹಳ್ಳಿಯಲ್ಲಿ ತಾನಾಗೇ ಹುಟ್ಟಿದ ಒಂದು ಮರದಿಂದಲೇ ದಶಹರಿ ಮಾವು ಬಂತು. ನಮ್ಮ ಜೀರಿಗೆ ಅಪ್ಪೆಯೂ ಯಾವುದೋ ಹಕ್ಕಿ-ಪ್ರಾಣಿ ಬಿಸಾಡಿದ ಗೊರಟೋ, ಹಳ್ಳದ ನೀರಲ್ಲಿ ತೇಲಿ ಬಂದದ್ದೋ. ಹೊಸತು ಬರೋ ದಾರಿ ಬೀಜ.

ಆ ದಾರಿಗೇ ಈಗ ಕುತ್ತು ಬಂದಿದೆ. ಮಿಡಿಗೆ ಒಳ್ಳೆ ಬೆಲೆ. ಒಳ್ಳೆ ಮರ ಗೊತ್ತಾದರೆ ಒಂದು ಮಿಡಿಯನ್ನೂ ಬಿಡದೆ ಕೊಯ್ಯುತ್ತಾರೆ, ಕೆಲವು ಕಡೆ ಕೊಂಬೆಯನ್ನೇ ಕಡಿದು ಇಳಿಸುತ್ತಾರೆ. ಬೀಜ ಶುರುವಾದಷ್ಟೇ ಬೇಗ ಜಾಡಿ ಸೇರುತ್ತೆ. ರುಚಿಯಿಲ್ಲದ ಮರದ ಕಾಯಿ ಮಾತ್ರ ಹಣ್ಣಾಗಿ ಬಿದ್ದು ಮೊಳೆಯುತ್ತೆ. ನಮ್ಮ ಹಳ್ಳದ ಗುಂಟ ನಡೆದು ನೋಡಿದೆ. ದೊಡ್ಡ ಅಪ್ಪೆ ಮರಗಳಿವೆ, ಅವುಗಳ ಬುಡದಲ್ಲಿ ಮೊಣಕಾಲೆತ್ತರದ ಸಸಿ ಒಂದೂ ಕಾಣಲಿಲ್ಲ. ಭತ್ತದ ಬೀಜದ ಹಾಗೆ ಒಣಗಿಸಿ ಶೈತ್ಯಾಗಾರದಲ್ಲಿ ಇಡೋಣ ಅಂದ್ರೆ ಅದೂ ಆಗಲ್ಲ. ಮಾವಿನ ಬೀಜ ಒಣಗಿದರೆ ಸತ್ತಿತು. ಕೆಲವೇ ವಾರಗಳಲ್ಲಿ ಮಣ್ಣು ಸೇರಬೇಕು. ಇದರ ಬ್ಯಾಕಪ್ ಅಂದ್ರೆ ನೆಲದಲ್ಲಿ ನಿಂತ ಜೀವಂತ ಮರ ಮಾತ್ರ.

ಹೀಗಾಗಿ ನಮ್ಮ ಮನೆಯಲ್ಲಿ ದೊಡ್ಡಪ್ಪ-ಅಪ್ಪ ಇಬ್ಬರ ಮಾತೂ ನಡೆಯಿತು. ಕಸಿ ಕಟ್ಟುವ ಪರಿಚಯದವರೊಬ್ಬರು ಬಂದು ಮರದ ಕುಡಿ ತೆಗೆದುಕೊಂಡು ಹೋಗಿ ಎಂಟು ಸಸಿಗೆ ಕಟ್ಟಿದರು, ಐದು ಹಿಡಿದಿವೆ. ಜೀರಿಗೆಯ ವಾಸನೆ ಉಳಿಯೋದಿದ್ದರೆ ಆ ಐದರಲ್ಲಿ. ಕಸಿಯ ಬುಡದಲ್ಲಿರೋದು ಗೊರಟಿನಿಂದಲೇ ಹುಟ್ಟಿದ ಸಸಿ ಅಂತ ದೊಡ್ಡಪ್ಪ ಎಲ್ಲರಿಗೂ ನೆನಪಿಸುತ್ತಲೇ ಇದ್ದಾರೆ. ಇನ್ನೊಂದು ಕಡೆ, ಹಳ್ಳದ ಮೇಲೆ ಚಾಚಿದ ಒಂದು ಕೊಂಬೆಯ ಮಿಡಿಯನ್ನು ಈ ವರ್ಷ ಯಾರೂ ಮುಟ್ಟಲಿಲ್ಲ. ಅಮ್ಮನಿಗೆ ಸ್ವಲ್ಪ ಸಂಕಟವೇ ಆಯ್ತು, ಒಂದು ಜಾಡಿ ಕಡಿಮೆ ಬಿತ್ತಲ್ಲ ಅಂತ.

ಆ ಕೊಂಬೆಯ ಹಣ್ಣುಗಳ ಪೈಕಿ ಕೆಲವನ್ನು ಮಂಗ ತಿಂದವು, ಕೆಲವು ನೀರಿಗೆ ಬಿದ್ದವು. ಸಿಕ್ಕ ಹನ್ನೊಂದು ಗೊರಟನ್ನು ಅದೇ ವಾರ ದಂಡೆಯ ಮೇಲ್ಭಾಗದಲ್ಲಿ, ನೀರು ಕೊರೆಯದ ಜಾಗದಲ್ಲಿ ಹೂತೆವು. ಏಳು ಮೊಳೆತಿವೆ. ನಿಮ್ಮೂರಲ್ಲೂ ಇಂಥ ಮರ ಇದ್ದರೆ ಇಷ್ಟು ಮಾಡಬಹುದು: ಒಂದು ಕೊಂಬೆ ಬಿಡಿ, ಹಣ್ಣು ಬಿದ್ದ ತಕ್ಷಣ ನೆಡಿ.

ನಮ್ಮ ಏಳು ಸಸಿಗಳಲ್ಲಿ ಯಾವುದು ಹುಳಿ, ಯಾವುದು ಪರಿಮಳ, ಯಾವುದು ಯಾವುದಕ್ಕೂ ಬಾರದ್ದು, ಗೊತ್ತಾಗೋಕೆ ಹತ್ತಿರ ಹತ್ತಿರ ಹತ್ತು ವರ್ಷ ಬೇಕು. ಅಷ್ಟರಲ್ಲಿ ನನಗೆ ನಲವತ್ತಾಗಿರುತ್ತೆ. ದೊಡ್ಡಪ್ಪ ಮಾತ್ರ ಈಗಲೇ ಒಂದೊಂದರ ಚಿಗುರೆಲೆ ಕಿವುಚಿ ಮೂಸಿ ನೋಡುತ್ತಾರೆ. ಮೂರನೆಯದರಲ್ಲಿ ಏನೋ ಇದೆ ಅಂತಾರೆ.