ಗಾಡಿ ಕೆಳಗಿನ ಹಕ್ಕಿ

ನಮ್ಮ ಮನೆಯ ಪಿಕಪ್ ಗಾಡಿಗೆ 20 ವರ್ಷ ದಾಟಿದೆ. ಕೊಬ್ಬರಿ ಚೀಲಗಳನ್ನು ತಿಪಟೂರು ಮಾರುಕಟ್ಟೆಗೆ ಸಾಗಿಸಲು, ಹಿಂಡಿ ಬೂಸಾ ತರಲು, ಬೆಳಿಗ್ಗೆ ಮೊಮ್ಮಗಳನ್ನು ಹೆದ್ದಾರಿಯ ಬಸ್ ಸ್ಟಾಪಿಗೆ ಬಿಡಲು, ಎಲ್ಲಕ್ಕೂ ಅದೇ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ದಿನ ಗೇಟು ದಾಟುತ್ತಿದ್ದಂತೆ ಅವಳು, "ತಾತ, ಗಾಡಿ ಕೆಳಗೆ ಹಕ್ಕಿಮರಿ ಸಿಕ್ಕಿಕೊಂಡಿದೆ. ಚಿಂವ್ ಚಿಂವ್ ಅಂತಿದೆ" ಎಂದಳು.

ಇಳಿದು ಬಗ್ಗಿ ನೋಡಿದೆ. ಹಕ್ಕಿ ಇಲ್ಲ, ಗೂಡೂ ಇಲ್ಲ. ನನಗಂತೂ ಯಾವ ಸದ್ದೂ ಕೇಳಿರಲಿಲ್ಲ. "ಹಳೇ ಗಾಡಿ ಪುಟ್ಟಿ, ಏನೋ ಒಂದು ಅಂತಿರುತ್ತೆ" ಎಂದು ಸುಮ್ಮನಾಗಿಸಿದೆ. ಮರುದಿನವೂ ಅದೇ ಮಾತು. ಮೂರನೆಯ ದಿನ ಸ್ವಲ್ಪ ಗದರಿದೆ ಕೂಡ. ಅವಳು ಮುಖ ಊದಿಸಿಕೊಂಡು ಬಸ್ ಹತ್ತಿದಳು.

ಅವಳ ಸಮಾಧಾನಕ್ಕೆಂದು ಎರಡು ಸಲ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿ, "ಏನೂ ಸದ್ದಿಲ್ಲ ಯಜಮಾನ್ರೇ" ಎಂದ. ಗೆದ್ದವನ ಹಾಗೆ ಮನೆಗೆ ಬಂದೆ.

ಮೊಮ್ಮಗಳು ಎಂಟನೇ ತರಗತಿ, ಸೋಲುವವಳಲ್ಲ. ರಫ್ ಪುಸ್ತಕದ ಕೊನೆಯ ಹಾಳೆಯಲ್ಲಿ ಗೆರೆ ಎಳೆದು ಬರೆಯತೊಡಗಿದಳು. ಗಾಡಿ ನಿಂತು ಎಂಜಿನ್ ಓಡುವಾಗ ಸದ್ದಿಲ್ಲ. ಹೊರಟರೆ ಇದೆ. ವೇಗ ಹೆಚ್ಚಿದರೆ ಚಿಂವ್ ಚಿಂವ್ ಕೂಡ ಬೇಗ ಬೇಗ. ಹೆದ್ದಾರಿಯ ಗದ್ದಲದಲ್ಲಿ ಗೊತ್ತಾಗುವುದಿಲ್ಲ. ಕೊಬ್ಬರಿ ತುಂಬಿದ ದಿನ ಇಲ್ಲ, ಖಾಲಿ ಇದ್ದರೆ ಇದೆ. ಕೊನೆಯ ಸಾಲು ಓದಿ ನಾನು ಪೆಚ್ಚಾದೆ: "ತಾತ ಗಾಡಿ ತೊಳೆದ ದಿನ ಇಲ್ಲ."

ಗ್ಯಾರೇಜಿಗೆ ಕೆಸರು ಮೆತ್ತಿದ ಗಾಡಿ ಒಯ್ಯುವುದು ಮರ್ಯಾದೆಯಲ್ಲ ಎಂದು ಎರಡು ಸಲವೂ ಮೋಟರ್ ಪೈಪು ಹಿಡಿದು ಅಡಿಯವರೆಗೂ ತೊಳೆದುಕೊಂಡು ಹೋಗಿದ್ದೆ. ಒಣಗಿದ ಲೋಹ ಉಜ್ಜಿಕೊಂಡು ಕಿರುಗುಟ್ಟುತ್ತಿದ್ದರೆ ನೀರು ಬಿದ್ದಾಗ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಅಂದರೆ ಸದ್ದು ನಿಜ. ಕೇಳದೆ ಇದ್ದದ್ದು ನನಗೆ ಮಾತ್ರ.

ಆ ಭಾನುವಾರ ಇಬ್ಬರೂ ಸೇರಿ ಪರೀಕ್ಷೆಗೆ ಕೂತೆವು. ಊರ ರಸ್ತೆಯಲ್ಲಿ ಹೋಗುತ್ತಾ ಕ್ಲಚ್ ಒತ್ತಿದೆ. ಎಂಜಿನ್ ತಣ್ಣಗಾದರೂ ಸದ್ದು ಬರುತ್ತಲೇ ಇದೆ ಎಂದಳು. ಹಾಗಾದರೆ ಎಂಜಿನ್ ಅಲ್ಲ. ಬ್ರೇಕನ್ನು ಮೆಲ್ಲಗೆ ಮುಟ್ಟಿದೆ, ಬದಲಾಗಲಿಲ್ಲ. ಎಡಕ್ಕೆ ಬಲಕ್ಕೆ ತಿರುಗಿಸಿದೆ, ಆಗಲೂ ಅಷ್ಟೇ. ಆಮೇಲೆ ಹಿಂದಿನ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿದೆವು. ಅವಳು ಜಗಲಿಯ ಮೇಲೆಯೇ ಕೂತಿರಬೇಕು, ಗಾಡಿಯ ಹತ್ತಿರ ಬರಕೂಡದು ಎಂದು ಷರತ್ತು. ನಾನು ಅಂಗಳದಲ್ಲಿ ಆಮೆಯಂತೆ ಓಡಿಸಿದೆ. ಗುರುತು ಕೆಳಗಿಳಿದು ಮತ್ತೆ ಮೇಲೆ ಬರುವಷ್ಟರಲ್ಲಿ ಎಷ್ಟು ಚಿಂವ್ ಎಂದು ಅವಳು ಎಣಿಸಿದಳು.

"ನಾಲ್ಕು ತಾತ! ಚಕ್ರದ್ದಾಗಿದ್ರೆ ಒಂದೇ ಬರಬೇಕಿತ್ತು. ಚಕ್ರಕ್ಕಿಂತ ನಾಲ್ಕು ಪಟ್ಟು ಜಾಸ್ತಿ ಸುತ್ತೋದು ಯಾವುದು?"

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆ, ಪ್ರೊಪೆಲ್ಲರ್ ಶಾಫ್ಟ್. ನಮ್ಮ ಗಾಡಿಯಂಥವುಗಳಲ್ಲಿ ಅದು ಸುಮಾರು ನಾಲ್ಕು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಗೇರ್ ಬಾಕ್ಸ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಆಕ್ಸಲ್ ಮಾತ್ರ ಹಳ್ಳ ದಿಣ್ಣೆಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಶಾಫ್ಟ್ ತಿರುಗುತ್ತಲೇ ಬಾಗಲೂಬೇಕು. ಅದಕ್ಕೆಂದೇ ಎರಡು ತುದಿಯಲ್ಲೂ ನಮ್ಮ ಮಣಿಕಟ್ಟಿನಂಥ ಕೀಲು ಇರುತ್ತದೆ. ಕೂಡಿಸುವ ಚಿಹ್ನೆಯ ಆಕಾರದ ಕಬ್ಬಿಣ, ಅದರ ನಾಲ್ಕು ತುದಿಗೂ ಪುಟ್ಟ ಬಟ್ಟಲು, ಒಳಗೆ ಸೂಜಿಯಂಥ ಬೇರಿಂಗುಗಳು. ಗ್ಯಾರೇಜಿನಲ್ಲಿ ಇದನ್ನು 'ಕ್ರಾಸ್' ಅನ್ನುತ್ತಾರೆ. ಹುಕ್ಸ್ ಜಾಯಿಂಟ್ ಎಂದೂ ಹೆಸರಿದೆ ಎಂದಾಗ ಮೊಮ್ಮಗಳ ಕಣ್ಣರಳಿತು. ಕಾರ್ಕ್ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜೀವಕೋಶಕ್ಕೆ 'ಸೆಲ್' ಎಂಬ ಹೆಸರು ಕೊಟ್ಟ, ಅವಳ ವಿಜ್ಞಾನ ಪುಸ್ತಕದ ರಾಬರ್ಟ್ ಹುಕ್ ಅವನೇ. ಭಾರ ತುಂಬಿದಾಗ ಗಾಡಿ ತಗ್ಗಿ ಶಾಫ್ಟಿನ ಓರೆ ಕಡಿಮೆಯಾಗುತ್ತಿತ್ತು. ಕೊಬ್ಬರಿ ಹೊತ್ತ ದಿನ ಹಕ್ಕಿ ಕೂಗದಿದ್ದುದು ಅದಕ್ಕೇ.

ಸೋಮವಾರ ಗಾಡಿ ತೊಳೆಯದೆ, ಕೆಸರಿನಲ್ಲೇ, ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಮುಂದಿನ ಕ್ರಾಸ್ ಬಿಚ್ಚಿದ. ಒಂದು ಬಟ್ಟಲಿನಲ್ಲಿ ಗ್ರೀಸಿನ ಪಸೆಯೇ ಇಲ್ಲ, ಸೂಜಿಗಳೆಲ್ಲ ಸವೆದು ಕೆಂಪು ಪುಡಿ. ಅಂಗೈ ಮೇಲೆ ಸುರಿದು ತೋರಿಸಿದ. "ಇದು ಮುರಿದು ಶಾಫ್ಟಿನ ಮುಂದಿನ ತುದಿ ರಸ್ತೆಗೆ ಬಿದ್ದಿದ್ರೆ, ನೆಲಕ್ಕೆ ನೆಟ್ಟುಕೊಂಡು ಗಾಡಿನೇ ಎತ್ತಿಹಾಕ್ತಿತ್ತು ಯಜಮಾನ್ರೇ" ಎಂದ. ದಿನವೂ ಬೆಳಿಗ್ಗೆ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವಳು ಯಾರೆಂದು ನೆನೆದು ನನಗೆ ಬಾಯಿ ಒಣಗಿತು. ಅವಳನ್ನೇ ತಾನೆ ನಾನು ಗದರಿದ್ದು.

ಹೊಸ ಕ್ರಾಸ್ ಹಾಕಿಸಿ, ಗ್ರೀಸ್ ಹೊಡೆಸಿ ಮನೆಗೆ ಬಂದೆ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ಮೊಮ್ಮಗಳನ್ನು ಕೇಳಿದೆ, "ಪುಟ್ಟಿ, ಈಗ ಜೀರುಂಡೆ ಕೂಗ್ತಿದೆಯಾ?"

"ಕಿವಿ ತೂತಾಗೋ ಹಾಗೆ ಕೂಗ್ತಿವೆ ತಾತ. ಯಾಕೆ?"

ತೋಟಗಳಿಗೆ ಔಷಧಿ ಹೊಡೆದೂ ಹೊಡೆದೂ ಜೀರುಂಡೆಗಳೇ ನಾಶವಾದವು ಎಂದು ಎರಡು ವರ್ಷದಿಂದ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ್ದೆ. ವಯಸ್ಸಾದಾಗ ಕಿವಿಗೆ ಮೊದಲು ತಪ್ಪುವುದು ಇಂಥ ತೆಳ್ಳನೆಯ, ಕೀರಲು ಸದ್ದುಗಳೇ. ಮಾತು ಕೇಳುತ್ತಿರುತ್ತದೆ, ಅದರಿಂದ ಗೊತ್ತಾಗುವುದಿಲ್ಲ. ಹುಣಸೆಮರದ ಕಡೆ ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ನನ್ನ ಪಾಲಿಗೆ ಅಲ್ಲೆಲ್ಲ ನಿಶ್ಶಬ್ದ.

"ನಾಳೆ ತುಮಕೂರಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸ್ಕೊಂಡು ಬರ್ತೀನಿ" ಎಂದೆ ಹೆಂಡತಿಗೆ.

ಅವಳು ಎಲೆಗೆ ಸುಣ್ಣ ಸವರುತ್ತಾ ಅಂದಳು: "ಹೋಗಿ. ಆದ್ರೆ ಈ ಸಲ ತೊಳ್ಕೊಂಡು ಹೋಗ್ಬೇಡಿ."